ಕೇಳಿದಷ್ಟೇ ಕೊಡುವ ದೇಹ

(ದಿನನಿತ್ಯದ ಆರೋಗ್ಯದ ಬಗ್ಗೆ ಸಾರ್ವಜನಿಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ. ಸಭಿಕರ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಎರಡು ಅಂತಸ್ತಿನ ಬಸ್ಸಿನಿಂದ ಮಾತು ಶುರು ಮಾಡುತ್ತೇನೆ. ಎರಡನೇ ಮಹಾಯುದ್ಧ ಮುಗಿದ ನಂತರದ ಲಂಡನ್. ಹೃದಯಾಘಾತಗಳು ಜಾಸ್ತಿಯಾಗುತ್ತಿದ್ದವು. ಯಾಕೆ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಜೆರ್ರಿ ಮಾರಿಸ್ ಎಂಬ ವೈದ್ಯರು ತಮ್ಮ ಜೊತೆಗಾರರೊಂದಿಗೆ ನಗರದ ಸಾರಿಗೆ ನೌಕರರ ದಾಖಲೆಗಳನ್ನು ಹಿಡಿದು ಕೂತರು. ಒಂದೇ ಬಸ್ಸು, ಅದರಲ್ಲಿ ಇಬ್ಬರು ಕೆಲಸಗಾರರು. ಡ್ರೈವರ್ ಪಾಳಿಯ ಬಹುಪಾಲು ಹೊತ್ತು ಕೂತೇ ಇರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. ಇಬ್ಬರೂ ಉಸಿರಾಡುತ್ತಿದ್ದದ್ದು ಒಂದೇ ಊರಿನ ಗಾಳಿ, ಇಬ್ಬರ ಬದುಕೂ ಹೆಚ್ಚುಕಡಿಮೆ ಒಂದೇ ತರಹದ್ದು.

1953ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಈ ಅಧ್ಯಯನ ಪ್ರಕಟವಾಯಿತು. ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಡ್ರೈವರ್‌ಗಳಿಗಿಂತ ಕಡಿಮೆ ಬಂದಿತ್ತು. ಬಂದವರಿಗೂ ತಡವಾಗಿ ಬಂದಿತ್ತು, ಬಂದಾಗ ಅದು ಅಷ್ಟು ಮಾರಕವಾಗಿರಲಿಲ್ಲ.

ಇಲ್ಲೊಂದು ಅನುಮಾನ ಬರುವುದು ಸಹಜ. ಮೊದಲಿನಿಂದಲೇ ದಪ್ಪಗಿದ್ದವರು ಡ್ರೈವರ್ ಕೆಲಸ ಆರಿಸಿಕೊಂಡಿರಬಹುದಲ್ಲವಾ? ಮಾರಿಸ್ ಅವರಿಗೂ ಈ ಅನುಮಾನ ಬಂದಿತ್ತು. ನೌಕರರ ಸಮವಸ್ತ್ರದ ಅಳತೆಗಳನ್ನೇ ತೆಗೆಸಿ ನೋಡಿದರು. ಡ್ರೈವರ್‌ಗಳ ಸೊಂಟದ ಸುತ್ತಳತೆ ಜಾಸ್ತಿ ಇದ್ದದ್ದು ನಿಜವೇ. ಆದರೆ ಅಂಚೆ ಇಲಾಖೆಯಲ್ಲೂ ಅದೇ ಚಿತ್ರ ಕಂಡಿತ್ತು. ನಡೆದು, ಸೈಕಲ್ ತುಳಿದು ಕಾಗದ ಹಂಚುವವರಿಗಿಂತ ಕೂತು ಕೆಲಸ ಮಾಡುವ ಗುಮಾಸ್ತರಲ್ಲಿ ಹೃದಯದ ಕಾಯಿಲೆ ಹೆಚ್ಚು. ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ದೇಶಗಳಲ್ಲಿ, ಎಷ್ಟೋ ಬೇರೆ ಬೇರೆ ರೀತಿಯಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಮೂಲ ಮಾತು ಬದಲಾಗಿಲ್ಲ. ಅಂದ ಹಾಗೆ, ಮಾರಿಸ್ ತಮ್ಮ ಜೀವನದಲ್ಲೂ ವ್ಯಾಯಾಮ ಬಿಡಲಿಲ್ಲ. 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಸಣ್ಣ ಸಂಗತಿ. ಆ ಕಂಡಕ್ಟರ್‌ಗಳು ಯಾರೂ ವ್ಯಾಯಾಮ ಮಾಡುತ್ತಿರಲಿಲ್ಲ. ಆರೋಗ್ಯದ ಯೋಚನೆಯಿಂದ ಮೆಟ್ಟಿಲು ಹತ್ತಲಿಲ್ಲ. ಅವರ ಕೆಲಸ ಹಾಗಿತ್ತು, ಹತ್ತಿದರು. ದೇಹಕ್ಕೆ ಉದ್ದೇಶ ಗೊತ್ತಾಗುವುದಿಲ್ಲ. ಅದರಿಂದ ಪ್ರತಿದಿನ ಏನು ಕೇಳುತ್ತಾರೆ ಎಂಬುದಷ್ಟೇ ಅದಕ್ಕೆ ಗೊತ್ತಾಗುವುದು. ಇವತ್ತು ನಾನು ಹೇಳಬೇಕೆಂದು ಬಂದಿರುವುದೂ ಇದನ್ನೇ. ನಮ್ಮಲ್ಲಿ ಬಹಳ ಜನಕ್ಕೆ ಆರೋಗ್ಯ ಎಂದರೆ ದೊಡ್ಡ ನಿರ್ಧಾರ, ಹೊಸ ಬಟ್ಟೆ, ಜಿಮ್ಮಿನ ಚೀಟಿ, ಕಟ್ಟುನಿಟ್ಟಾದ ಪಥ್ಯ. ಅದೆಲ್ಲ ಕೆಟ್ಟದ್ದೇನಲ್ಲ. ಆದರೆ ದಿನದ 24 ಗಂಟೆಯಲ್ಲಿ ನಾವು ಸುಮ್ನೆ ಮಾಡಿಬಿಡುವ ಕೆಲಸಗಳಿವೆಯಲ್ಲ, ಅವೇ ನಮ್ಮ ದೇಹವನ್ನು ಕಟ್ಟುತ್ತವೆ. ಕೆಡವುವುದೂ ಅವೇ.

ಕೇಳುವುದನ್ನು ನಿಲ್ಲಿಸಿದರೆ ಏನಾಗುತ್ತದೆ?

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐದು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಕಾಯಿಲೆ ಏನೂ ಇಲ್ಲ, ಸುಮ್ಮನೆ ಮಲಗುವುದೇ ಪ್ರಯೋಗ. ದೇಹ ಜೋರಾಗಿ ದುಡಿಯುವಾಗ ಎಷ್ಟು ಆಮ್ಲಜನಕ ಬಳಸಬಲ್ಲದು ಎಂದು ಅಳೆಯುವ ಒಂದು ವಿಧಾನ ಇದೆ. ಹೃದಯ, ಶ್ವಾಸಕೋಶ, ಮಾಂಸಖಂಡ ಮೂರೂ ಸೇರಿ ಎಷ್ಟು ಗಟ್ಟಿ ಎಂದು ಅದು ಹೇಳುತ್ತದೆ. ಮೂರು ವಾರದಲ್ಲಿ ಆ ಶಕ್ತಿ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಕುಸಿದಿತ್ತು.

ಮೂವತ್ತು ವರ್ಷದ ಮೇಲೆ, 1996ರಲ್ಲಿ, ಅದೇ ಐದು ಜನರನ್ನು ಮತ್ತೆ ಕರೆಸಿದರು. ಆಗ ಅವರಿಗೆ ಐವತ್ತು. ತೂಕ ಹೆಚ್ಚಿತ್ತು, ಮೈಯಲ್ಲಿ ಕೊಬ್ಬಿನ ಪ್ರಮಾಣ ಸುಮಾರು ಎರಡು ಪಟ್ಟಾಗಿತ್ತು. ಆದರೂ ಅವರ ಶಕ್ತಿ, ಹುಡುಗರಾಗಿದ್ದಾಗ ಮೂರು ವಾರ ಮಲಗಿ ಎದ್ದ ದಿನದಷ್ಟು ಇಳಿದಿರಲಿಲ್ಲ. ಮೂವತ್ತು ವರ್ಷದ ವಯಸ್ಸಿಗಿಂತ ಮೂರು ವಾರದ ಹಾಸಿಗೆ ಹೆಚ್ಚು ಹಾನಿ ಮಾಡಿತ್ತು. ಆಮೇಲೆ ಅವರಿಗೆ ಸುಮಾರು ಆರು ತಿಂಗಳು ನಡಿಗೆ, ಓಟ, ಸೈಕಲ್ ಅಭ್ಯಾಸ ಮಾಡಿಸಿದರು. ವಯಸ್ಸಿನಿಂದ ಹೋಗಿದ್ದ ಶಕ್ತಿ ವಾಪಸ್ ಬಂತು.

ಐದೇ ಜನ ಎನ್ನುವುದು ನಿಜ. ಆದರೆ ಅದೇ ಐವರನ್ನು ಮೂವತ್ತು ವರ್ಷದ ಅಂತರದಲ್ಲಿ ಅಳೆದಿದ್ದಾರೆ. ಆ ಕಾರಣಕ್ಕೆ ಇದು ನನಗೆ ಮುಖ್ಯ ಅನ್ನಿಸುತ್ತದೆ. "ವಯಸ್ಸಾಯಿತು, ಇನ್ನೇನು" ಎಂದು ನಾವು ಹೇಳುವುದರಲ್ಲಿ ವಯಸ್ಸಿನ ಪಾಲು ಎಷ್ಟು, ಕೂತದ್ದರ ಪಾಲು ಎಷ್ಟು ಎಂದು ಒಮ್ಮೆ ಯೋಚಿಸಿ. ಕಾಲು ಮುರಿದವರ ಪ್ಲಾಸ್ಟರ್ ಬಿಚ್ಚಿದಾಗ ನೋಡಿದ್ದೀರಾ? ಕೆಲವೇ ವಾರಗಳಲ್ಲಿ ಆ ಕಾಲಿನ ಮೀನಖಂಡ ಸೊರಗಿರುತ್ತದೆ. ಪಕ್ಕದ ಕಾಲು ಹಾಗೇ ಇರುತ್ತದೆ. ಒಬ್ಬನೇ ಮನುಷ್ಯ, ಒಂದೇ ವಯಸ್ಸು, ಒಂದೇ ಊಟ. ಒಂದು ಕಾಲಿಗೆ ಕೆಲಸ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

ಈಗ ನಡಿಗೆಗೆ ಬರೋಣ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕು ಎಂದು ನೀವೆಲ್ಲ ಕೇಳಿರುತ್ತೀರಿ. ಇದು ಯಾವುದೋ ಪ್ರಯೋಗಾಲಯದಿಂದ ಬಂದ ಸಂಖ್ಯೆ ಅಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಸಾಧನವನ್ನು ಮಾರುಕಟ್ಟೆಗೆ ತಂದಿತು. ಈ ಸಂಖ್ಯೆ ಅದರ ಹೆಸರಿನಲ್ಲೇ ಇತ್ತು. ಅಲ್ಲಿಂದ ಜಗತ್ತೆಲ್ಲ ಹಬ್ಬಿತು. 2019ರಲ್ಲಿ ಅಮೆರಿಕದ ಸಂಶೋಧಕರು 16 ಸಾವಿರಕ್ಕೂ ಹೆಚ್ಚು ಹಿರಿಯ ಮಹಿಳೆಯರ ಹೆಜ್ಜೆಗಳನ್ನು ಅಳೆದು ನೋಡಿದರು. ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲಿ, ಆ ಅಧ್ಯಯನದ ವರ್ಷಗಳಲ್ಲಿ ಸಾವಿನ ಪ್ರಮಾಣ ಶೇಕಡಾ 41ರಷ್ಟು ಕಡಿಮೆ ಇತ್ತು. ಹೆಜ್ಜೆ ಹೆಚ್ಚಿದಂತೆ ಲಾಭವೂ ಹೆಚ್ಚಿತು. ಸುಮಾರು 7,500ರ ಹೊತ್ತಿಗೆ ಏರಿಕೆ ನಿಂತಿತು.

ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಹತ್ತು ಸಾವಿರ ಆಗಲಿಲ್ಲ ಎಂದು ನಡಿಗೆಯನ್ನೇ ಬಿಟ್ಟವರು ಬಹಳ ಇದ್ದಾರೆ. ಬಿಡಬೇಡಿ. ಏನೂ ನಡೆಯದವರು ಸ್ವಲ್ಪ ನಡೆಯಲು ಶುರು ಮಾಡಿದಾಗ ಸಿಗುವ ಲಾಭವೇ ಎಲ್ಲಕ್ಕಿಂತ ದೊಡ್ಡದು. ಈಗಾಗಲೇ ಚೆನ್ನಾಗಿ ನಡೆಯುವವರು ಇನ್ನೂ ಸೇರಿಸಿದರೆ ಸಿಗುವುದು ಸ್ವಲ್ಪವೇ. ಇವತ್ತು ಇಲ್ಲಿ ಕೂತಿರುವವರಲ್ಲಿ ಏನೂ ಮಾಡದವರಿಗೆ ನನ್ನ ಮಾತು ಹೆಚ್ಚು ಅನ್ವಯಿಸುತ್ತದೆ. ಅತಿ ಹೆಚ್ಚು ಗಳಿಸುವ ಅವಕಾಶ ಇರುವುದು ನಿಮಗೇ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ. ಜೋರಾದ ಶ್ರಮವಾದರೆ 75ರಿಂದ 150 ನಿಮಿಷ ಸಾಕು. ಮಧ್ಯಮ ಎಂದರೆ ಯಾವುದು? ಇದಕ್ಕೆ ಯಂತ್ರ ಬೇಕಿಲ್ಲ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ನಾಲ್ಕು ಮಾತು ಆಡಿ ಉಸಿರು ತೆಗೆದುಕೊಳ್ಳಬೇಕಾದರೆ ಅದು ಜೋರಾದ ಶ್ರಮ. ಇನ್ನೊಂದು ವಿಷಯ. ಮೊದಲು, ಒಮ್ಮೆಗೆ ಕನಿಷ್ಠ ಹತ್ತು ನಿಮಿಷ ಮಾಡಿದರಷ್ಟೇ ಲೆಕ್ಕ ಎನ್ನುತ್ತಿದ್ದರು. 2020ರಲ್ಲಿ ಆ ಷರತ್ತನ್ನು ತೆಗೆದುಹಾಕಿದರು. ಮೂರು ನಿಮಿಷ ಬೇಗ ಬೇಗ ನಡೆದರೂ ಲೆಕ್ಕಕ್ಕಿದೆ. ಎರಡು ಮಹಡಿ ಮೆಟ್ಟಿಲು ಹತ್ತಿದರೂ ಲೆಕ್ಕಕ್ಕಿದೆ. "ನನಗೆ ಟೈಮಿಲ್ಲ" ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇಲ್ಲ.

ಒಂದೇ ಒಂದು ನಡಿಗೆ ಆರಿಸಿಕೊಳ್ಳಿ ಎಂದರೆ ನಾನು ಊಟದ ನಂತರದ ನಡಿಗೆಯನ್ನು ಆರಿಸುತ್ತೇನೆ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಆ ಸಕ್ಕರೆ ಹೋಗಿ ಸೇರುವ ಮುಖ್ಯ ಜಾಗ ನಮ್ಮ ಮಾಂಸಖಂಡ. ಕೂತಿದ್ದರೆ ಈ ಕೆಲಸವನ್ನು ಹೆಚ್ಚಾಗಿ ಇನ್ಸುಲಿನ್ ಎಂಬ ಹಾರ್ಮೋನು ಮಾಡಿಸಬೇಕು. ನಡೆಯುವಾಗ ಕುಗ್ಗಿ ಹಿಗ್ಗುವ ಮಾಂಸಖಂಡ ಇನ್ಸುಲಿನ್ ನೆರವಿಗೆ ಕಾಯದೆ ತಾನೇ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರಿಗೆ ಇದು ಎಷ್ಟು ಬೆಲೆಯುಳ್ಳದ್ದು ನೋಡಿ. ಮೂರೂ ಹೊತ್ತಿನ ಊಟದ ನಂತರ ಹದಿನೈದು ನಿಮಿಷ ನಡೆದ ಹಿರಿಯರಲ್ಲಿ ಇಡೀ ದಿನದ ಸಕ್ಕರೆ ಮಟ್ಟ ಸುಧಾರಿಸಿದ್ದನ್ನು ಅಳೆದು ನೋಡಿದ್ದಾರೆ. ಓಡಬೇಕಿಲ್ಲ, ಆರಾಮಾಗಿ ನಡೆದರೆ ಸಾಕು. ರಾತ್ರಿ ಊಟ ಮುಗಿಸಿ ನೇರವಾಗಿ ಸೋಫಾಗೆ ಹೋಗುವ ಮನೆಗಳಲ್ಲಿ ಈ ಒಂದು ಅಭ್ಯಾಸ ಬಂದರೆ ಬಹಳ ಬದಲಾಗುತ್ತದೆ.

ಇಷ್ಟು ಹೊತ್ತು ಹೇಳಿದ್ದು ಬಹಳ ಜನಕ್ಕೆ ಗೊತ್ತಿರುವುದೇ. ಈಗ ಹೇಳುವುದನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ನಡೆಯುವವರೂ ಇದನ್ನು ಬಿಟ್ಟುಬಿಡುತ್ತಾರೆ. ಮಾಂಸಖಂಡದ ಬಲದ ವಿಷಯ.

ಮೂವತ್ತು ದಾಟಿದ ಮೇಲೆ ನಮ್ಮ ಮಾಂಸಖಂಡ ನಿಧಾನವಾಗಿ ಕರಗಲು ಶುರುವಾಗುತ್ತದೆ. ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಹೋಗುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅರವತ್ತರ ನಂತರ ಇನ್ನೂ ಬೇಗ. ತೂಕದ ಯಂತ್ರದಲ್ಲಿ ಇದು ಕಾಣುವುದಿಲ್ಲ, ಯಾಕೆಂದರೆ ಹೋದ ಜಾಗಕ್ಕೆ ಕೊಬ್ಬು ಬಂದಿರುತ್ತದೆ. "ಇಪ್ಪತ್ತು ವರ್ಷದಿಂದ ನನ್ನ ತೂಕ ಅಷ್ಟೇ ಇದೆ" ಎಂದು ಸಂತೋಷಪಡುವವರ ಕಾಲು ಸಣ್ಣಗಾಗಿ, ಹೊಟ್ಟೆ ಮುಂದೆ ಬಂದಿರಬಹುದು. ಕೈ ಊರದೆ ಕುರ್ಚಿಯಿಂದ ಏಳುವುದು ಕಷ್ಟವಾದ ದಿನ ಗೊತ್ತಾಗುತ್ತದೆ. ಆಮೇಲೆ ಬಚ್ಚಲಲ್ಲಿ ಜಾರಿ ಬೀಳುವುದು, ಸೊಂಟದ ಮೂಳೆ ಮುರಿಯುವುದು, ಹಾಸಿಗೆ ಹಿಡಿಯುವುದು. ಹಾಸಿಗೆ ಹಿಡಿದರೆ ಏನಾಗುತ್ತದೆ ಎಂದು ಡಲ್ಲಾಸಿನ ಹುಡುಗರ ವಿಷಯದಲ್ಲಿ ನೋಡಿದೆವು. ಅವರಿಗೆ 20 ವರ್ಷ, ಇವರಿಗೆ 75.

ಇದನ್ನು ತಡೆಯಬಹುದಾ? ತಡೆಯಬಹುದು, ಯಾವ ವಯಸ್ಸಿನಲ್ಲೂ ತಡೆಯಬಹುದು. 1990ರಲ್ಲಿ ಬಾಸ್ಟನ್ನಿನ ವೈದ್ಯೆ ಮಾರಿಯಾ ಫಿಯಾಟರೋನ್ ಮತ್ತು ಜೊತೆಗಾರರು ಒಂದು ಧೈರ್ಯದ ಕೆಲಸ ಮಾಡಿದರು. ವೃದ್ಧರ ಆರೈಕೆ ಕೇಂದ್ರದಲ್ಲಿದ್ದ ಹತ್ತು ಜನರನ್ನು ಆರಿಸಿಕೊಂಡರು. ಸರಾಸರಿ ವಯಸ್ಸು 90. ಕಾಲಿನಿಂದ ಭಾರ ಎತ್ತುವ ವ್ಯಾಯಾಮವನ್ನು ಎಂಟು ವಾರ ಮಾಡಿಸಿದರು. ಸುಮ್ನೆ ಕೈಕಾಲು ಆಡಿಸುವುದಲ್ಲ, ಅವರ ಶಕ್ತಿಗೆ ತಕ್ಕಂತೆ ನಿಜವಾಗಿಯೂ ಭಾರ ಎನ್ನಿಸುವ ಭಾರ. ಒಂಬತ್ತು ಜನ ಪೂರ್ತಿ ಮಾಡಿದರು. ಅವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ತೊಡೆಯ ಮಾಂಸಖಂಡ ಬೆಳೆಯಿತು. ತೊಂಬತ್ತನೇ ವಯಸ್ಸಿನಲ್ಲೂ ದೇಹ ಕೇಳಿದ್ದನ್ನು ಕೊಟ್ಟಿತು! ಅಲ್ಲಿಯವರೆಗೆ ಯಾರೂ ಅವರಿಂದ ಕೇಳಿರಲಿಲ್ಲ, ಅಷ್ಟೇ.

ನಮ್ಮ ಮನೆಗಳಲ್ಲಿ ನಾವು ಹಿರಿಯರಿಗೆ ಏನು ಮಾಡುತ್ತೇವೆ? ಪ್ರೀತಿಯಿಂದಲೇ ಅವರ ಕೈಯಿಂದ ಚೀಲ ಕಿತ್ತುಕೊಳ್ಳುತ್ತೇವೆ. "ನೀವು ಕೂತಿರಿ, ನಾನು ತರುತ್ತೇನೆ" ಎನ್ನುತ್ತೇವೆ. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಎದ್ದು ನೀರು ತರುವುದು, ಬಟ್ಟೆ ಮಡಚಿ ಇಡುವುದು, ಹಗುರವಾದ ಚೀಲ ಹೊರುವುದು, ಇವೆಲ್ಲ ಅವರ ಪಾಲಿನ ವ್ಯಾಯಾಮ. ಬೀಳದಂತೆ ನೋಡಿಕೊಳ್ಳಿ, ಜೊತೆಗಿರಿ. ಕೆಲಸವನ್ನು ಮಾತ್ರ ಅವರಿಂದ ತೆಗೆದುಕೊಳ್ಳಬೇಡಿ.

ವಾರಕ್ಕೆ ಎರಡು ದಿನವಾದರೂ ದೊಡ್ಡ ಮಾಂಸಖಂಡಗಳಿಗೆ ಭಾರದ ಕೆಲಸ ಕೊಡಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಲ್ಲೇ ಇದೆ. ಹೇಗೆ ಎಂದು ಹೇಳುತ್ತೇನೆ. ಗಟ್ಟಿಯಾದ ಕುರ್ಚಿಯ ಮೇಲೆ ಕೂತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಎದ್ದು ನಿಲ್ಲಿ. ಮತ್ತೆ ನಿಧಾನವಾಗಿ ಕೂತುಕೊಳ್ಳಿ. ದೊಪ್ಪನೆ ಬೀಳಬೇಡಿ. ನಿಧಾನವಾಗಿ ಇಳಿಯುವಾಗಲೇ ತೊಡೆಗೆ ಹೆಚ್ಚು ಕೆಲಸ. ಹತ್ತು ಸಲ ಮಾಡಿ, ಸುಧಾರಿಸಿಕೊಂಡು ಇನ್ನೊಂದು ಸುತ್ತು. ಇದು ಸುಲಭವಾದರೆ ಕುರ್ಚಿ ತೆಗೆದು ಬಸ್ಕಿ ಹೊಡೆಯಿರಿ. ಗೋಡೆಗೆ ಎರಡೂ ಕೈ ಊರಿ, ಒಂದು ಹೆಜ್ಜೆ ಹಿಂದೆ ನಿಂತು ಎದೆಯನ್ನು ಗೋಡೆಯ ಹತ್ತಿರ ತಂದು ದೂಡಿ. ಅದು ಹಗುರ ಅನ್ನಿಸಿದರೆ ಗೋಡೆಯ ಬದಲು ಮೇಜಿನ ಅಂಚು, ಆಮೇಲೆ ನೆಲ. ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಂತು ಇಳಿಯುವುದನ್ನು ಎಲ್ಲಿ ಬೇಕಾದರೂ ಮಾಡಬಹುದು. ತುಂಬಿದ ಚೀಲಗಳನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ನಡೆದರೆ ಕೈಹಿಡಿತ, ಭುಜ, ಬೆನ್ನು ಎಲ್ಲಕ್ಕೂ ಆಯಿತು.

ಒಂದು ಸೂತ್ರ ಮರೆಯಬಾರದು. ಕೊನೆಯ ಎರಡು ಮೂರು ಸಲ ಕಷ್ಟವಾಗಬೇಕು. ಆರಂಭದಿಂದ ಕೊನೆಯವರೆಗೆ ಸಲೀಸಾಗಿದ್ದರೆ ದೇಹಕ್ಕೆ ಬದಲಾಗಲು ಕಾರಣವೇ ಇಲ್ಲ. ಸುಲಭವಾಯಿತು ಅನ್ನಿಸಿದ ದಿನ ಎರಡು ಸಲ ಜಾಸ್ತಿ ಮಾಡಿ, ಇಲ್ಲವೇ ಸ್ವಲ್ಪ ಭಾರ ಸೇರಿಸಿ. ಉಸಿರು ಹಿಡಿಯಬೇಡಿ, ಶ್ರಮ ಪಡುವಾಗ ಉಸಿರು ಹೊರಗೆ ಬಿಡಿ. ಇದರ ಜೊತೆ ಸಮತೋಲನದ ಅಭ್ಯಾಸ. ಹಲ್ಲುಜ್ಜುವಾಗ ಒಂದು ಕಾಲಿನ ಮೇಲೆ ನಿಲ್ಲಿ, ಇನ್ನೊಂದು ಕೈ ಗೋಡೆಯ ಹತ್ತಿರವೇ ಇರಲಿ. ಅರವತ್ತೈದು ದಾಟಿದವರು ಇಂಥ ಸಮತೋಲನದ ಅಭ್ಯಾಸವನ್ನು ವಾರಕ್ಕೆ ಮೂರು ದಿನವಾದರೂ ಮಾಡಬೇಕು.

ನಿದ್ದೆಗೆ ಬರುತ್ತೇನೆ. ಇದರ ಬಗ್ಗೆ ನನಗೆ ನಿಜವಾಗಿಯೂ ಆತಂಕ ಇದೆ. ಕಡಿಮೆ ನಿದ್ದೆ ಮಾಡುವುದನ್ನು ಈಗ ಶ್ರದ್ಧೆಯ ಗುರುತು ಎಂಬಂತೆ ಹೇಳಿಕೊಳ್ಳುತ್ತಾರೆ. ಮಕ್ಕಳ ಮುಂದೆಯೂ ಹಾಗೇ ಹೇಳುತ್ತಾರೆ.

2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ವಯಸ್ಕರನ್ನು ಎರಡು ವಾರ ಪ್ರಯೋಗಾಲಯದಲ್ಲೇ ಇರಿಸಿಕೊಂಡರು. ಒಂದು ಗುಂಪಿಗೆ ರಾತ್ರಿಗೆ ಎಂಟು ಗಂಟೆ ಹಾಸಿಗೆ, ಇನ್ನೊಂದಕ್ಕೆ ಆರು, ಮತ್ತೊಂದಕ್ಕೆ ನಾಲ್ಕು. ದಿನವಿಡೀ ಗಮನ ಮತ್ತು ನೆನಪಿನ ಪರೀಕ್ಷೆಗಳು. ಆರು ಗಂಟೆ ಮಲಗಿದವರ ಗಮನ ದಿನದಿಂದ ದಿನಕ್ಕೆ ಕೆಡುತ್ತಾ ಹೋಯಿತು. ಎರಡು ವಾರದ ಕೊನೆಗೆ, ರಾತ್ರಿಯಿಡೀ ನಿದ್ದೆಗೆಟ್ಟವರ ಮಟ್ಟಕ್ಕೆ ಬಂದಿತ್ತು. ಇಷ್ಟೇ ಆಗಿದ್ದರೆ ಸರಿ. ನಿಮಗೆ ನಿದ್ದೆ ಬರುತ್ತಿದೆಯಾ ಎಂದು ಅವರನ್ನು ಕೇಳಿದರೆ, ಸ್ವಲ್ಪ ಅಷ್ಟೇ ಎನ್ನುತ್ತಿದ್ದರು. ತಮ್ಮ ಸಾಮರ್ಥ್ಯ ಎಷ್ಟು ಇಳಿದಿದೆ ಎಂದು ಅವರಿಗೇ ತಿಳಿಯುತ್ತಿರಲಿಲ್ಲ. "ನನಗೆ ಐದಾರು ಗಂಟೆ ನಿದ್ದೆ ಸಾಕು, ಅಭ್ಯಾಸ ಆಗಿದೆ" ಎಂದು ಯಾರಾದರೂ ಹೇಳಿದಾಗ ನನಗೆ ಈ ಪ್ರಯೋಗ ನೆನಪಾಗುತ್ತದೆ. ಆ ಸ್ಥಿತಿಯಲ್ಲಿ ವಾಹನ ಓಡಿಸುವವರೂ ಇದ್ದಾರೆ.

ತಲೆಯ ಮೇಲೆ ಮಾತ್ರ ಪರಿಣಾಮ ಎಂದುಕೊಳ್ಳಬೇಡಿ. 1999ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಹನ್ನೊಂದು ಯುವಕರನ್ನು ಆರು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದರು. ಒಂದು ವಾರದೊಳಗೆ ಅವರ ದೇಹ ಸಕ್ಕರೆಯನ್ನು ನಿಭಾಯಿಸುವ ರೀತಿ ಸಕ್ಕರೆ ಕಾಯಿಲೆಯ ಹಾದಿಯಲ್ಲಿರುವವರ ಹಾಗೆ ಆಗಿತ್ತು. ಚೆನ್ನಾಗಿ ಮಲಗಲು ಬಿಟ್ಟಾಗ ಸರಿಹೋಯಿತು. ಅಲ್ಲಿಯದೇ ಇನ್ನೊಂದು ಪ್ರಯೋಗದಲ್ಲಿ, ಕಡಿಮೆ ಮಲಗಿದಾಗ ಹಸಿವು ಹೆಚ್ಚಿಸುವ ಹಾರ್ಮೋನು ಏರಿತ್ತು, ಹೊಟ್ಟೆ ತುಂಬಿತು ಎಂದು ತಿಳಿಸುವ ಹಾರ್ಮೋನು ಇಳಿದಿತ್ತು. ನಿದ್ದೆಗೆಟ್ಟ ಮರುದಿನ ಸಿಹಿ, ಕರಿದದ್ದು ಕಣ್ಣಿಗೆ ಬೀಳುತ್ತಲೇ ಇರುತ್ತದೆ, ಅಲ್ವಾ? ಅದು ಬರೀ ಮನಸ್ಸಿನ ದೌರ್ಬಲ್ಯ ಅಲ್ಲ.

ವಯಸ್ಕರಿಗೆ ಕನಿಷ್ಠ ಏಳು ಗಂಟೆ ಬೇಕು. ಅದಕ್ಕೆ ಮೊದಲು ಏಳುವ ಸಮಯವನ್ನು ಗಟ್ಟಿ ಮಾಡಿಕೊಳ್ಳಿ, ರಜಾದಿನವೂ ಅದೇ ಸಮಯ. ಮಲಗುವ ಸಮಯ ತಾನಾಗಿ ಸರಿಹೋಗುತ್ತದೆ. ಎದ್ದ ಸ್ವಲ್ಪ ಹೊತ್ತಿನಲ್ಲೇ ಹೊರಗಿನ ಬೆಳಕಿಗೆ ಬನ್ನಿ. ಕಣ್ಣಿಗೆ ಬೀಳುವ ಆ ಬೆಳಕೇ ದೇಹದೊಳಗಿನ ಗಡಿಯಾರವನ್ನು ಸರಿಪಡಿಸುವುದು. ಮಧ್ಯಾಹ್ನದ ಮೇಲೆ ಕಾಫಿ, ಟೀ ಬೇಡ. ಅವುಗಳಲ್ಲಿರುವ, ನಿದ್ದೆ ಓಡಿಸುವ ಕೆಫೀನಿನಲ್ಲಿ ಅರ್ಧ ದೇಹದಿಂದ ಹೋಗಲು ಸುಮಾರು ಐದು ಗಂಟೆ ಹಿಡಿಯುತ್ತದೆ. ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧ, ರಾತ್ರಿ ಹನ್ನೊಂದಕ್ಕೂ ಒಳಗೇ ಇರುತ್ತದೆ. ಕೋಣೆ ಕತ್ತಲಾಗಿರಲಿ, ತಂಪಾಗಿರಲಿ. ಫೋನನ್ನು ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಹಾಕಿ, ಅಲಾರಾಂಗೆ ಬೇರೆ ಗಡಿಯಾರ ಇಟ್ಟುಕೊಳ್ಳಿ. ಜೋರಾಗಿ ಗೊರಕೆ ಹೊಡೆದು, ನಡುನಡುವೆ ಉಸಿರು ನಿಂತಂತಾಗಿ, ಹಗಲೆಲ್ಲ ತೂಕಡಿಸುವವರು ಮನೆಯಲ್ಲಿದ್ದರೆ ವೈದ್ಯರಿಗೆ ತೋರಿಸಿ. ಅದು ಚಿಕಿತ್ಸೆ ಇರುವ ಕಾಯಿಲೆ.

ಊಟದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಯಾರು ಏನು ತಿನ್ನಬೇಕು ಎನ್ನುವುದು ಅವರವರ ಮನೆ, ಕೈಗೆ ಸಿಗುವ ಪದಾರ್ಥ ನೋಡಿಕೊಂಡು ನಡೆಯುವಂಥದ್ದು. ಒಂದು ಪ್ರಯೋಗ ಮಾತ್ರ ಹೇಳಲೇಬೇಕು. 2019ರಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಅವರ ತಂಡ 20 ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲಿಟ್ಟು ಊಟ ಹಾಕಿತು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ, ಪ್ಯಾಕೆಟ್ಟಿನ ಆಹಾರ. ಎರಡು ವಾರ ತಾಜಾ ಪದಾರ್ಥಗಳಿಂದ ಮಾಡಿದ ಅಡುಗೆ. ಮುಂದಿಟ್ಟ ಊಟದಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಎಂದರು. ಪ್ಯಾಕೆಟ್ಟಿನ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗ ಬೇಗ ತಿಂದರು. ಎರಡು ವಾರದಲ್ಲಿ ಸುಮಾರು 900 ಗ್ರಾಂ ತೂಕ ಏರಿತು. ಅಡುಗೆ ಊಟದಲ್ಲಿ ಸುಮಾರು ಅಷ್ಟೇ ಇಳಿಯಿತು. ಹಾಗಾಗಿ ಮನೆಯಲ್ಲಿ ಪ್ಯಾಕೆಟ್ ಎಲ್ಲಿಟ್ಟಿದ್ದೀರಿ ನೋಡಿ. ಕೈಗೆ ಎಟುಕುವ ಜಾಗದಲ್ಲಿ ಹಣ್ಣು ಇರಲಿ. ಹಣ್ಣು ತರಕಾರಿ ಸೇರಿ ದಿನಕ್ಕೆ 400 ಗ್ರಾಂ, ಉಪ್ಪು ಎಲ್ಲ ಸೇರಿ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚದಷ್ಟು. ಸಿಹಿ ಪಾನೀಯಗಳ ಬದಲು ನೀರು. ನಿಧಾನವಾಗಿ ಅಗಿದು ತಿನ್ನಿ. ಸಾಕು ಎಂಬ ಸೂಚನೆ ಮೆದುಳಿಗೆ ಮುಟ್ಟಲು ಸ್ವಲ್ಪ ಹೊತ್ತು ಬೇಕು.

ತಂಬಾಕಿನ ಬಗ್ಗೆ ಒಂದೇ ಲೆಕ್ಕ. ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ಮತ್ತು ತಂಡದ ಅಧ್ಯಯನ ಅದು. ಅರವತ್ತಕ್ಕೆ ಸಿಗರೇಟು ಬಿಟ್ಟವರು ಆಯಸ್ಸಿನಲ್ಲಿ ಸುಮಾರು 3 ವರ್ಷ ಗಳಿಸಿದರು. ಐವತ್ತಕ್ಕೆ ಬಿಟ್ಟವರು 6, ನಲವತ್ತಕ್ಕೆ ಬಿಟ್ಟವರು 9, ಮೂವತ್ತಕ್ಕೆ ಬಿಟ್ಟವರು 10. ಸೇದುವವರು ಇಲ್ಲಿದ್ದರೆ ನಡಿಗೆ, ಬಸ್ಕಿ ಎಲ್ಲಕ್ಕಿಂತ ಮೊದಲು ಇದನ್ನೇ ಮಾಡಿ. ಒಬ್ಬರೇ ಬಿಡಲು ಆಗದಿದ್ದರೆ ವೈದ್ಯರ ನೆರವು ಕೇಳಿ, ಅದಕ್ಕೆ ಔಷಧಿಗಳೂ ಇವೆ. ಹಾಗೆಯೇ ಬಿಪಿ ನೋಡಿಸಿಕೊಳ್ಳಿ. ಅಧಿಕ ರಕ್ತದೊತ್ತಡ ಇರುವವರಲ್ಲಿ ಅರ್ಧದಷ್ಟು ಜನಕ್ಕೆ ತಮಗಿದೆ ಎಂದೇ ಗೊತ್ತಿಲ್ಲ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ತಲೆನೋವು, ತಲೆಸುತ್ತು ಏನೂ ಇಲ್ಲದೆಯೂ ಅದು ಇರಬಹುದು. ಐದು ನಿಮಿಷ ಸುಮ್ಮನೆ ಕೂತು, ಆಮೇಲೆ ಅಳೆಸಿ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಮಾಡಲು ಆಗುವುದಿಲ್ಲ? ಇಚ್ಛಾಶಕ್ತಿ ಇಲ್ಲ ಎಂದು ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ. ಲಂಡನ್ನಿನ ಸಂಶೋಧಕಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದ್ದರು. ಒಬ್ಬೊಬ್ಬರೂ ಒಂದು ಹೊಸ ಅಭ್ಯಾಸ ಆರಿಸಿಕೊಂಡು, ದಿನದ ಒಂದು ನಿರ್ದಿಷ್ಟ ಸಂದರ್ಭಕ್ಕೆ ಅದನ್ನು ಕಟ್ಟಿದರು. ಆ ಕೆಲಸ ಯೋಚನೆ ಇಲ್ಲದೆ ತಾನಾಗಿ ಆಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಎಂಬ ಲೆಕ್ಕ ಬಂತು. ಒಂದು ಲೋಟ ನೀರು ಕುಡಿಯುವಂಥ ಸುಲಭದ ಅಭ್ಯಾಸ ಬೇಗ ಕೂತಿತು, ವ್ಯಾಯಾಮದಂಥದ್ದು ತಡವಾಗಿ. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ.

ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಆಗುತ್ತದೆ ಎಂದು ನಂಬಿ, ಇಪ್ಪತ್ತೆರಡನೇ ದಿನವೂ ಕಷ್ಟ ಅನ್ನಿಸಿದಾಗ ಕೈಬಿಟ್ಟವರಿಗೆ ನಾನು ಇದನ್ನು ಹೇಳಲೇಬೇಕು. ನಿಮ್ಮಲ್ಲಿ ಕೊರತೆ ಏನೂ ಇರಲಿಲ್ಲ. ಇನ್ನೂ ಸಮಯ ಬೇಕಿತ್ತು, ಅಷ್ಟೇ. "ನಾಳೆಯಿಂದ ವ್ಯಾಯಾಮ ಮಾಡುತ್ತೇನೆ" ಎನ್ನುವ ಮಾತಿಗೆ ಹಿಡಿಯಲು ಜಾಗವಿಲ್ಲ. ಬಳ್ಳಿಗೆ ಗೂಟ ಬೇಕಾದ ಹಾಗೆ ಹೊಸ ಅಭ್ಯಾಸಕ್ಕೆ ಈಗಾಗಲೇ ಇರುವ ಒಂದು ಅಭ್ಯಾಸ ಬೇಕು. "ಬೆಳಗ್ಗೆ ಹಲ್ಲುಜ್ಜಿದ ಕೂಡಲೇ ಹತ್ತು ಬಸ್ಕಿ." "ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಚಪ್ಪಲಿ ಮೆಟ್ಟಿ ಹೊರಗೆ." "ಫೋನ್ ಬಂದರೆ ಎದ್ದು ನಡೆಯುತ್ತಾ ಮಾತು." ಶುರುವಿನಲ್ಲಿ ನಾಚಿಕೆ ಆಗುವಷ್ಟು ಸಣ್ಣದಾಗಿರಲಿ. ಮೈಕೈ ನೋವಿದ್ದ ದಿನ, ಮನಸ್ಸು ಸರಿ ಇಲ್ಲದ ದಿನವೂ ಮಾಡಲು ಆಗುವಷ್ಟು ಸಣ್ಣದು. ಜೊತೆಗೆ ಒಬ್ಬರು ಇದ್ದರೆ ಇನ್ನೂ ಒಳ್ಳೆಯದು. ಗೆಳತಿಯೊಬ್ಬಳು ಬಾಗಿಲಲ್ಲಿ ಕಾಯುತ್ತಿದ್ದಾಳೆ ಎಂದಾಗ ನಾವು ಎದ್ದು ಹೋಗುತ್ತೇವೆ.

ಇನ್ನು ನೀವು ಕೇಳಿದ ಪ್ರಶ್ನೆಗಳು.

"ಮೂರು ತಿಂಗಳು ನಡೆದರೂ ತೂಕ ಇಳಿಯಲಿಲ್ಲ, ನಡೆದು ಏನು ಪ್ರಯೋಜನ?" ಎಂದು ಒಬ್ಬರು ಕೇಳಿದ್ದಾರೆ. ಬರೀ ನಡಿಗೆಯಿಂದ ತೂಕ ಬಹಳ ಇಳಿಯುವುದಿಲ್ಲ. ಅದಕ್ಕೆ ಊಟವೂ ಬದಲಾಗಬೇಕು. ಆದರೆ ತೂಕ ಇಳಿಯದೆಯೂ ರಕ್ತದೊತ್ತಡ ಇಳಿಯುತ್ತದೆ, ಹೊಟ್ಟೆಯೊಳಗಿನ ಕೊಬ್ಬು ಕಡಿಮೆಯಾಗುತ್ತದೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ನಿದ್ದೆ ಸುಧಾರಿಸುತ್ತದೆ. ತೂಕದ ಯಂತ್ರ ಇದ್ಯಾವುದನ್ನೂ ತೋರಿಸುವುದಿಲ್ಲ. ಮೊದಲು ಏದುಸಿರು ಬರುತ್ತಿದ್ದ ಮೆಟ್ಟಿಲು ಈಗ ಹೇಗಿದೆ ನೋಡಿಕೊಳ್ಳಿ. ಸೊಂಟದ ಸುತ್ತಳತೆ ಬರೆದಿಟ್ಟುಕೊಳ್ಳಿ. ದಯವಿಟ್ಟು ನಿಲ್ಲಿಸಬೇಡಿ.

"ಮೊಣಕಾಲು ನೋವಿದೆ, ನಡೆದರೆ ಇನ್ನೂ ಸವೆಯುವುದಿಲ್ಲವಾ?" ಈ ಭಯ ಬಹಳ ಜನರಲ್ಲಿದೆ. ಕೀಲಿನೊಳಗಿನ ಮೃದ್ವಸ್ಥಿಗೆ, ಅಂದರೆ ಮೂಳೆಗಳ ತುದಿಯನ್ನು ಮುಚ್ಚಿರುವ ನುಣುಪಾದ ಪದರಕ್ಕೆ, ರಕ್ತನಾಳಗಳಿಲ್ಲ. ಒತ್ತಡ ಬಿದ್ದು, ಬಿಟ್ಟು ಆದಾಗಲೇ ಅದಕ್ಕೆ ಸುತ್ತಲಿನ ದ್ರವದಿಂದ ಪೋಷಣೆ ಸಿಗುವುದು. ತೊಡೆಯ ಮುಂಭಾಗದ ಮಾಂಸಖಂಡ ಗಟ್ಟಿಯಾದರೆ ಮೊಣಕಾಲಿನ ಮೇಲಿನ ಭಾರ ಹಗುರವಾಗುತ್ತದೆ. ಕೀಲು ಸವೆತಕ್ಕೆ ವೈದ್ಯರು ಮೊದಲು ಸೂಚಿಸುವ ಚಿಕಿತ್ಸೆಗಳಲ್ಲಿ ವ್ಯಾಯಾಮ ಒಂದು. ಕುರ್ಚಿ ಸ್ವಲ್ಪ ಎತ್ತರದ್ದಿರಲಿ, ಸಮತಟ್ಟಾದ ನೆಲದಲ್ಲಿ ನಡೆಯಿರಿ, ಈಜು ಬಂದರೆ ಈಜಿ. ಮಾಡುವಾಗ ಸ್ವಲ್ಪ ನೋವಿದ್ದು ಮರುದಿನದೊಳಗೆ ಇಳಿದರೆ ಮುಂದುವರಿಸಬಹುದು. ಊದಿಕೊಂಡರೆ, ನೋವು ದಿನದಿಂದ ದಿನಕ್ಕೆ ಏರಿದರೆ ನಿಲ್ಲಿಸಿ ತೋರಿಸಿ.

ಕೊನೆಯ ಪ್ರಶ್ನೆ, "ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಬೇಕಾ?" ಎಂಬುದು. ಆರಾಮಾಗಿ ನಡೆಯಲು ಬಹುಪಾಲು ಜನಕ್ಕೆ ಯಾರ ಅನುಮತಿಯೂ ಬೇಡ. ಹೃದಯದ ಕಾಯಿಲೆ ಇರುವವರು, ಬಿಪಿ ಹತೋಟಿಗೆ ಬಾರದವರು, ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು ಜೋರಾದ ವ್ಯಾಯಾಮಕ್ಕೆ ಮುಂಚೆ ಕೇಳಲೇಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ಹೊತ್ತಿನಲ್ಲಿ ಸಕ್ಕರೆ ತೀರಾ ಇಳಿಯಬಹುದು. ಮೈ ಬೆವರಿ, ಕೈ ನಡುಗಿ, ತಲೆ ಮಂಕಾದರೆ ತಕ್ಷಣ ಸಿಹಿ ಏನಾದರೂ ಬಾಯಿಗೆ ಹಾಕಿಕೊಳ್ಳಿ. ಜೇಬಿನಲ್ಲಿ ಅದು ಇರಲಿ. ನಡೆಯುವಾಗ ಎದೆ ಬಿಗಿದಂತಾದರೆ, ನೋವು ಕೈಗೋ ದವಡೆಗೋ ಹರಡಿದರೆ, ಎಂದೂ ಇಲ್ಲದಷ್ಟು ಉಸಿರು ಕಟ್ಟಿದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಂತು ಕೂತುಬಿಡಿ, ಜೊತೆಯಲ್ಲಿರುವವರಿಗೆ ಹೇಳಿ. ಗ್ಯಾಸ್ ಇರಬೇಕು ಎಂದು ಮನೆಗೆ ಬಂದು ಮಲಗಬೇಡಿ. ಆಂಬುಲೆನ್ಸ್ ಕರೆಸಿಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ.